ಸಂಗೀತ ರಚನೆಯಲ್ಲಿ ಎಳಮೆ ಮತ್ತು ಪಕ್ವತೆ

ಮಾವಿನ ಮಿಡಿಯನ್ನು ಉಪ್ಪಿನಕಾಯಿಗೆಂದು ಆರಿಸುವಾಗ ಯಾರೂ ಅದನ್ನು ಹಣ್ಣಾಗದ ಮಾವೆಂದು ಹೀಗಳೆಯುವುದಿಲ್ಲ. ಮಿಡಿಗೆ ಮಿಡಿಯ ಸೊಗಡು, ಹಣ್ಣಿಗೆ ಹಣ್ಣಿನ ರಸ. ಎರಡಕ್ಕೂ ಅದರದರ ಕಾಲವುಂಟು, ಅದರದರ ಉಪಯೋಗವುಂಟು. ಆದರೆ ಸಂಗೀತವನ್ನು ಕುರಿತು ಮಾತನಾಡುವಾಗ ನಾವು ಈ ವಿವೇಕವನ್ನು ಮರೆಯುವುದೇ ಹೆಚ್ಚು. ವಾಗ್ಗೇಯಕಾರನೊಬ್ಬನ ಮೊದಲ ರಚನೆಗಳನ್ನು ಕಲಿಕೆಯ ಕಾಲದವೆಂದು ಬದಿಗೊತ್ತಿ, ಕೊನೆಯ ರಚನೆಗಳನ್ನು ಕೇಳುವ ಮೊದಲೇ ಶ್ರೇಷ್ಠವೆಂದು ಬಿಡುತ್ತೇವೆ. ಮತ್ತೆ ಕೆಲವರು ಇದಕ್ಕೆ ವಿರುದ್ಧವಾಗಿ, ಪ್ರತಿಭೆಯ ಕಾವೆಲ್ಲ ತಾರುಣ್ಯದಲ್ಲಿಯೇ ಇರುವುದೆಂದೂ, ಮುಪ್ಪಿನಲ್ಲಿ ಉಳಿಯುವುದು ಅಭ್ಯಾಸಬಲ ಮಾತ್ರವೆಂದೂ ವಾದಿಸುತ್ತಾರೆ. ಈ ಎರಡರಲ್ಲಿ ಯಾವುದು ನಿಜ? ಇದು ಬರಿಯ ಅಭಿರುಚಿಯ ಮಾತೆ? ಅಥವಾ ಎಣಿಸಿ, ಅಳೆದು ನೋಡಬಹುದಾದ ಅಂಶವೂ ಇದರಲ್ಲಿ ಉಂಟೆ?

ಬೆಂಗಳೂರಿನ ದಂಡಿನ ಭಾಗದಲ್ಲಿ ಬೆಳೆಯುವ ವಿದ್ಯಾರ್ಥಿಗೆ ಈ ಪ್ರಶ್ನೆಯನ್ನು ಪರೀಕ್ಷಿಸಲು ಒಂದು ಅನುಕೂಲವಿದೆ. ಹಲಸೂರಿನ ಸೋಮೇಶ್ವರನ ಉತ್ಸವದಲ್ಲಿ ಅವನು ನಾಗಸ್ವರವನ್ನು ಕೇಳಬಹುದು. ಇಂದಿರಾನಗರದ ಪುರಂದರ ಭವನದಲ್ಲಿ ಕಚೇರಿಯನ್ನು ಕೇಳಬಹುದು. ಅಲ್ಲಿಂದ ಹೆಚ್ಚು ದೂರವಿಲ್ಲದ ಚರ್ಚುಗಳಲ್ಲಿ ವೃಂದಗಾನವನ್ನು ಕೇಳಬಹುದು. ಲಂಡನ್ನಿನ ಸಂಗೀತ ಪರೀಕ್ಷೆಗಳಿಗಾಗಿ ಪಿಯಾನೋ ಅಭ್ಯಾಸ ಮಾಡುವ ಮಕ್ಕಳೂ, ವೀಣೆ ಪಿಟೀಲುಗಳನ್ನು ಕಲಿಯುವ ಮಕ್ಕಳೂ ಇಲ್ಲಿ ಒಂದೇ ಬೀದಿಯಲ್ಲಿ ಇರುವುದುಂಟು. ಎರಡು ಸಂಗೀತ ಪದ್ಧತಿಗಳು ಹೀಗೆ ಅಕ್ಕಪಕ್ಕದಲ್ಲಿ ಇರುವಾಗ, ಒಂದರಲ್ಲಿ ಕಾಣದಿರುವುದು ಇನ್ನೊಂದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದುದರಿಂದ ನಾವು ಎರಡು ಕಡೆಯಿಂದಲೂ ಉದಾಹರಣೆಗಳನ್ನು ತೆಗೆದುಕೊಳ್ಳೋಣ.

ಮೊದಲಿನದು ಯಾವುದು?

ಒಂದು ಕೃತಿ ಎಳೆಯ ವಯಸ್ಸಿನದೆಂದು ಹೇಳಬೇಕಾದರೆ ಅದು ಹುಟ್ಟಿದ ಕಾಲ ತಿಳಿದಿರಬೇಕು. ಇದು ಸುಲಭವಾದ ಮಾತಲ್ಲ. ಪಿಯಾನೋ ಕಲಿಯುವ ಮಕ್ಕಳು ಅನೇಕರು ಬೀತೋವನನ 49ನೆಯ ಕೃತಿಸಂಖ್ಯೆಯ ಎರಡು ಚಿಕ್ಕ ಸೊನಾಟಾಗಳನ್ನು ನುಡಿಸಿರುತ್ತಾರೆ. ಸಂಖ್ಯೆಯನ್ನು ನೋಡಿದರೆ ಇವು ಅವನ ನಡುವಯಸ್ಸಿನ ರಚನೆಗಳೆಂದು ತೋರುವುದು ಸಹಜ. ವಾಸ್ತವವಾಗಿ ಅವು 1790ರ ದಶಕದಲ್ಲಿ, ಅವನಿಗೆ ಮೂವತ್ತು ತುಂಬುವ ಮೊದಲೇ ಹುಟ್ಟಿದವು; ಅಚ್ಚಾದುದು ಮಾತ್ರ 1805ರಲ್ಲಿ. ಹಾಗೆಯೇ ಅವನ ಎರಡನೆಯ ಪಿಯಾನೋ ಕಂಚೆರ್ಟೋ ಎಂಬುದು ಮೊದಲನೆಯದಕ್ಕಿಂತ ಮುಂಚೆ ಆರಂಭವಾದುದು. ಸಂಖ್ಯೆ ಸೂಚಿಸುವುದು ಪ್ರಕಟಣೆಯ ಕ್ರಮವನ್ನು, ಹುಟ್ಟಿದ ಕ್ರಮವನ್ನಲ್ಲ.

ನಮ್ಮ ಸಂಗೀತದಲ್ಲಿ ತೊಡಕು ಇನ್ನೂ ಹೆಚ್ಚು. ತ್ಯಾಗರಾಜರು (1767–1847) ನೂರಾರು ಕೃತಿಗಳನ್ನು ರಚಿಸಿದರು; ಅವುಗಳಲ್ಲಿ ಬಹುಪಾಲಿಗೆ ತಾರೀಖಿಲ್ಲ. ಮೊದಲನೆಯದು ಇದು, ಕೊನೆಯದು ಇದು ಎಂದು ಶಿಷ್ಯಪರಂಪರೆ ಹೇಳುವುದುಂಟು. ನಡುವಣ ನೂರಾರು ಕೃತಿಗಳನ್ನು ಸಾಲಾಗಿ ಜೋಡಿಸುವ ಉಪಾಯವಿಲ್ಲ. ಅದಲ್ಲದೆ ಕೃತಿಗಳು ಶಿಷ್ಯರ ಬಾಯಿಂದ ಶಿಷ್ಯರ ಬಾಯಿಗೆ ಬರುವಾಗ ಹೊಸ ಸಂಗತಿಗಳು ಸೇರುತ್ತ ಬಂದಿವೆ. ಇಂದು ನಾವು ಕೇಳುವ ಒಂದು ಕೃತಿಯಲ್ಲಿ ಮೂಲ ರಚನಕಾರನ ಯೌವನದ ಕಲ್ಪನೆಯೂ, ಆಮೇಲಿನ ಮೂರು ನಾಲ್ಕು ತಲೆಮಾರುಗಳ ಪಕ್ವತೆಯೂ ಬೆರೆತಿರಬಹುದು.

ಸರಳವಾದುದೆಲ್ಲ ಮೊದಲಿನದೆಂದು ತಿಳಿಯುವುದು ಇನ್ನೊಂದು ಭ್ರಮೆ. ಸಂಗೀತ ಕಲಿಯುವ ಮಕ್ಕಳಿಗೆಲ್ಲ ಮೊದಲು ದೊರೆಯುವ ಸರಳೆ, ಅಲಂಕಾರ, ಗೀತೆಗಳ ಕ್ರಮವನ್ನು ಪುರಂದರದಾಸರು (1484–1564) ಏರ್ಪಡಿಸಿದರೆಂದು ಸಂಪ್ರದಾಯ. ಆ ಸಂಪ್ರದಾಯವನ್ನು ಒಪ್ಪುವುದಾದರೆ ಪಿಳ್ಳಾರಿ ಗೀತೆಗಳ ಸರಳತೆ ಎಳಸುತನದ್ದಲ್ಲ. ಎಳೆಯರಿಗೆ ಏನು ಬೇಕೆಂಬುದನ್ನು ಚೆನ್ನಾಗಿ ಬಲ್ಲ ಪ್ರೌಢನ ಸರಳತೆ ಅದು. ಅನನುಭವಿಯ ಸರಳತೆ ಬೇರೆ, ಅನುಭವಿಯು ಬೇಕೆಂದೇ ಆರಿಸಿಕೊಂಡ ಸರಳತೆ ಬೇರೆ. ಇವೆರಡನ್ನು ಬೇರ್ಪಡಿಸುವುದು ಕೇಳುಗನ ಮೊದಲ ಪಾಠ.

ಹತ್ತು ವರ್ಷದ ಸಾಧನೆ

ತಾರೀಖುಗಳು ದೊರೆಯುವ ಕಡೆ ಎಣಿಕೆ ಸಾಧ್ಯ. ಅಮೆರಿಕದ ಮನೋವಿಜ್ಞಾನಿ ಜಾನ್ ಹೇಯ್ಸ್ 76 ಮಂದಿ ಪಾಶ್ಚಾತ್ಯ ರಚನಕಾರರನ್ನು ಆರಿಸಿಕೊಂಡು, ಅವರು ಸಂಗೀತವನ್ನು ಶ್ರದ್ಧೆಯಿಂದ ಕಲಿಯಲಾರಂಭಿಸಿದ ವರ್ಷದಿಂದ ಲೆಕ್ಕ ಹಿಡಿದನು. ಧ್ವನಿಮುದ್ರಿಕೆಗಳ ಪಟ್ಟಿಯಲ್ಲಿ ಕನಿಷ್ಠ ಐದು ಬೇರೆ ಬೇರೆ ಮುದ್ರಿಕೆಗಳು ಯಾವ ಕೃತಿಗೆ ಇದ್ದವೋ ಅದನ್ನು ಗಣ್ಯಕೃತಿಯೆಂದು ಎಣಿಸಿದನು. ಅಂಥ ಸುಮಾರು 500 ಕೃತಿಗಳಲ್ಲಿ ಕಲಿಕೆಯ ಹತ್ತನೆಯ ವರ್ಷಕ್ಕೆ ಮುಂಚೆ ಹುಟ್ಟಿದವು ಮೂರೇ ಮೂರು: ಸಾಟಿ, ಪಗನೀನಿ, ಶೋಸ್ಟಕೋವಿಚ್ ಈ ಮೂವರ ಒಂದೊಂದು ರಚನೆ. ಅವೂ ಎಂಟು ಅಥವಾ ಒಂಬತ್ತನೆಯ ವರ್ಷದವು.

ಬಾಲಪ್ರತಿಭೆಗೆ ಮೊಟ್ಸಾರ್ಟನನ್ನು (1756–1791) ಉದಾಹರಿಸುವುದು ವಾಡಿಕೆ. ಆದರೆ ಹನ್ನೊಂದನೆಯ ವಯಸ್ಸಿನಲ್ಲಿ ಅವನ ಹೆಸರಿನಲ್ಲಿ ಹೊರಬಂದ ನಾಲ್ಕು ಪಿಯಾನೋ ಕಂಚೆರ್ಟೋಗಳು ಇತರರ ಸೊನಾಟಾಗಳನ್ನು ಹೊಂದಿಸಿ ಮಾಡಿದವು. ಈ ಪ್ರಕಾರದಲ್ಲಿ ಅವನ ಮೊದಲ ಮೇರುಕೃತಿಯೆಂದು ವಿಮರ್ಶಕರು ಹೇಳುವುದು 1777ರ ಜನವರಿಯ ರಚನೆಯನ್ನು. ಆಗ ಅವನಿಗೆ 21 ವರ್ಷ. ನಾಲ್ಕೈದು ವರ್ಷದ ಮಗುವಾಗಿದ್ದಾಗ ಆರಂಭವಾದ ಅಭ್ಯಾಸ ಅಷ್ಟರಲ್ಲಿ ಹದಿನಾರು ವರ್ಷ ನಡೆದಿತ್ತು. ಮೆಂಡೆಲ್ಸನ್ 1825ರಲ್ಲಿ, ತನ್ನ ಹದಿನಾರನೆಯ ವಯಸ್ಸಿನಲ್ಲಿ, ಎಂಟು ತಂತಿವಾದ್ಯಗಳಿಗೆ ಬರೆದ ಅಷ್ಟಕ ಇಂದಿಗೂ ಕಚೇರಿಗಳಲ್ಲಿ ಜೀವಂತವಾಗಿದೆ. ಅವನಿಗೂ ಬಾಲ್ಯದಿಂದಲೇ ಕಠಿಣ ಶಿಕ್ಷಣ ದೊರೆತಿತ್ತು.

ಆದುದರಿಂದ "ಎಳೆಯ ಕೃತಿ" ಎಂಬ ಮಾತನ್ನು ವಯಸ್ಸಿನಿಂದ ಅಳೆಯದೆ ಸಾಧನೆಯ ವರ್ಷಗಳಿಂದ ಅಳೆಯುವುದು ಹೆಚ್ಚು ಸರಿಯಾದುದು. ಶೂಬರ್ಟ್ ತೀರಿಕೊಂಡುದು 1828ರಲ್ಲಿ, 31ನೆಯ ವಯಸ್ಸಿನಲ್ಲಿ. ಅವನ "ಕೊನೆಯ ಕಾಲದ ಕೃತಿಗಳು" ಎಂದು ನಾವು ಭಕ್ತಿಯಿಂದ ಕೇಳುವ ರಚನೆಗಳು ಇತರರ ಆರಂಭದ ವಯಸ್ಸಿನವು. ಇತ್ತ ರೊಸೀನಿಯನ್ನು ನೋಡಿದರೆ, ಅವನ ಅತ್ಯಂತ ಜನಪ್ರಿಯವಾದ ಗೀತನಾಟಕ 1816ರಲ್ಲಿ, ಅವನಿಗೆ 24 ತುಂಬುವ ಮುನ್ನ ರಂಗಕ್ಕೆ ಬಂದಿತು. 37ನೆಯ ವಯಸ್ಸಿಗೆ ಗೀತನಾಟಕಗಳ ರಚನೆಯನ್ನು ನಿಲ್ಲಿಸಿ, ಆಮೇಲೆ ಸುಮಾರು ನಾಲ್ವತ್ತು ವರ್ಷ ಬದುಕಿದನು.

ಕಿವಿ ಮತ್ತು ವಾದ್ಯ

ವಯಸ್ಸಿನೊಡನೆ ಕಲೆಗಾರನ ಮನಸ್ಸು ಮಾತ್ರವಲ್ಲ, ದೇಹವೂ ಬದಲಾಗುತ್ತದೆ. ಇದನ್ನು ಬೀತೋವನನಲ್ಲಿ (1770–1827) ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಲಾರೆವು. ದೂರದಿಂದ ಬರುವ ವಾದ್ಯಗಳ ಮತ್ತು ಕಂಠಗಳ ಮೇಲುಸ್ವರಗಳು ತನಗೆ ಕೇಳಿಸುತ್ತಿಲ್ಲವೆಂದು ಅವನು 1801ರಲ್ಲಿಯೇ ತನ್ನ ವೈದ್ಯ ಮಿತ್ರನಿಗೆ ಪತ್ರ ಬರೆದಿದ್ದನು. ಕಿವುಡುತನ ಅನೇಕರಲ್ಲಿ ಹೀಗೆಯೇ, ತಾರಸ್ವರಗಳಿಂದ ಆರಂಭವಾಗಿ ಕೆಳಕ್ಕೆ ಇಳಿಯುತ್ತದೆ.

2011ರಲ್ಲಿ ನೆದರ್‌ಲೆಂಡ್ಸಿನ ಮೂವರು ವಿಜ್ಞಾನಿಗಳು ಇದರ ಗುರುತು ಅವನ ರಚನೆಗಳಲ್ಲಿ ಉಂಟೋ ಎಂದು ಎಣಿಸಿ ನೋಡಿದರು. ನಾಲ್ಕು ತಂತಿವಾದ್ಯಗಳಿಗಾಗಿ ಅವನು ಬರೆದ ಚತುಷ್ಟಯಗಳ ಮೊದಲ ಭಾಗದಲ್ಲಿ, ಮೊದಲ ಪಿಟೀಲಿಗೆ ಮೀಸಲಾದ ಸ್ವರಗಳೆಷ್ಟು, ಅವುಗಳಲ್ಲಿ ಸೆಕೆಂಡಿಗೆ 1568 ಕಂಪನಗಳನ್ನು ಮೀರಿದವು ಎಷ್ಟು ಎಂಬುದು ಅವರ ಲೆಕ್ಕ. ಪಾಶ್ಚಾತ್ಯ ಶ್ರುತಿಯಲ್ಲಿ ಪಿಟೀಲಿನ ಅತಿ ತೆಳುವಾದ ತಂತಿಯನ್ನು ಬೆರಳೊತ್ತದೆ ನುಡಿಸಿದರೆ ಸುಮಾರು 659 ಕಂಪನಗಳಾಗುತ್ತವೆ. ಅದಕ್ಕಿಂತ ಒಂದು ಸ್ಥಾಯಿಯನ್ನು ದಾಟಿ ಮೇಲೆ ಹೋದ ಸ್ವರಗಳಿವು. 1800ರ ಸುಮಾರಿನ ಚತುಷ್ಟಯಗಳಲ್ಲಿ ಇಂಥ ಸ್ವರಗಳು ನೂರಕ್ಕೆ ಎಂಟರಷ್ಟಿದ್ದವು. 1806ರ ಹೊತ್ತಿಗೆ ಐದಕ್ಕೂ, 1810ರ ಹೊತ್ತಿಗೆ ಎರಡಕ್ಕೂ ಇಳಿದವು. 1824ರಿಂದ 1826ರವರೆಗಿನ ಕೊನೆಯ ಚತುಷ್ಟಯಗಳಲ್ಲಿ, ಅವನಿಗೆ ಹೊರಗಿನ ಧ್ವನಿ ಹೆಚ್ಚು ಕಡಮೆ ಏನೂ ಕೇಳದಿದ್ದ ಕಾಲದಲ್ಲಿ, ಅವು ಮತ್ತೆ ನಾಲ್ಕಕ್ಕೆ ಏರಿದವು!

ಇದರ ಅರ್ಥವೇನು? ಕಿವಿಯಲ್ಲಿ ಇನ್ನೂ ಸ್ವಲ್ಪ ಶಕ್ತಿ ಉಳಿದಿರುವವರೆಗೆ ಅವನು ತನಗೆ ಕೇಳಿಸುವ ಸ್ವರಗಳ ಕಡೆಗೆ ಒಲಿದನೆಂದೂ, ಕಿವಿಯ ಆಸೆ ಪೂರ್ಣವಾಗಿ ಹೋದ ಮೇಲೆ ಮನಸ್ಸಿನ ಕಿವಿಯನ್ನೇ ನಂಬಿ ಎಲ್ಲ ಸ್ವರಗಳನ್ನೂ ಮತ್ತೆ ಬಳಸಿದನೆಂದೂ ಆ ವಿಜ್ಞಾನಿಗಳ ಊಹೆ. ಊಹೆ ಆಕರ್ಷಕವಾದುದು, ಆದರೆ ಎಚ್ಚರಿಕೆ ಬೇಕು. ಚತುಷ್ಟಯಗಳು ಒಟ್ಟು ಹದಿನಾರೇ. ರಚನೆಯ ಭಾವ, ಆಧಾರಸ್ವರ, ಆ ಕಾಲದ ಅಭಿರುಚಿ ಇವೂ ಸ್ವರಗಳ ಆಯ್ಕೆಯನ್ನು ಬದಲಿಸಬಲ್ಲವು.

ವಾದ್ಯದ ವಿಷಯವೂ ಹಾಗೆಯೇ. ಬೀತೋವನನ ಮೊದಲ ಪಿಯಾನೋ ಸೊನಾಟಾಗಳು ಐದು ಸ್ಥಾಯಿಗಳ ಎಲ್ಲೆಯೊಳಗೆ ಇವೆ. ಅಂದಿನ ಪಿಯಾನೋಗಳಿಗೆ ಅಷ್ಟೇ ಮನೆಗಳಿದ್ದವು. ತರುವಾಯ ಆರು ಸ್ಥಾಯಿಗಳ ವಾದ್ಯಗಳು ಬಂದವು, ಅವನ ಬರವಣಿಗೆಯೂ ಹಿಗ್ಗಿತು. ಈ ಹಿಗ್ಗನ್ನೆಲ್ಲ ವಯಸ್ಸಿನ ಪಕ್ವತೆಯ ಲೆಕ್ಕಕ್ಕೆ ಬರೆದರೆ ಬಡಗಿಗಳಿಗೂ ಕಮ್ಮಾರರಿಗೂ ಅನ್ಯಾಯವಾಗುತ್ತದೆ.

ಒಂದೇ ಕೃತಿ, ಎರಡು ವಯಸ್ಸು

ವಿಜ್ಞಾನಿ ಒಂದು ಕಾರಣದ ಫಲವನ್ನು ತಿಳಿಯಬೇಕಾದರೆ ಉಳಿದೆಲ್ಲವನ್ನೂ ಸಮವಾಗಿಟ್ಟು, ಅದೊಂದನ್ನು ಮಾತ್ರ ಬದಲಿಸುತ್ತಾನೆ. ಸಂಗೀತದ ಇತಿಹಾಸದಲ್ಲಿ ಇಂಥ ಪ್ರಯೋಗಕ್ಕೆ ಬಹಳ ಹತ್ತಿರವಾದ ಸಂದರ್ಭವೊಂದಿದೆ. ಬ್ರಾಮ್ಸ್ (1833–1897) ಪಿಯಾನೋ, ಪಿಟೀಲು, ಚೆಲ್ಲೋ ಈ ಮೂರಕ್ಕೆ ಒಂದು ದೊಡ್ಡ ರಚನೆಯನ್ನು 1854ರಲ್ಲಿ ಪ್ರಕಟಿಸಿದನು. 35 ವರ್ಷಗಳ ಮೇಲೆ, 1889ರಲ್ಲಿ, ಅದನ್ನೇ ಮತ್ತೆ ಕೈಗೆತ್ತಿಕೊಂಡು ತಿದ್ದಿದನು. ಹಳೆಯ ರೂಪವನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಹೀಗಾಗಿ ಒಂದೇ ಕೃತಿಯನ್ನು ಇಪ್ಪತ್ತರ ಕೈಯಲ್ಲೂ ಐವತ್ತಾರರ ಕೈಯಲ್ಲೂ ನಾವು ನೋಡಬಹುದು.

ಮೊದಲ ಭಾಗದ ಆರಂಭದಲ್ಲಿ ಉದ್ದವಾಗಿ ಹರಿಯುವ ಆ ಯೌವನದ ಮಟ್ಟನ್ನು ಹಿರಿಯ ಬ್ರಾಮ್ಸ್ ಹಾಗೆಯೇ ಉಳಿಸಿಕೊಂಡನು. ಅದರ ಮುಂದೆ ಬರುತ್ತಿದ್ದ ವಿಷಯವನ್ನು ತೆಗೆದು ಹೊಸದನ್ನು ಇಟ್ಟನು. ಅಲೆದಾಡುತ್ತಿದ್ದ ವಿಸ್ತಾರವನ್ನು ಕತ್ತರಿಸಿದನು. ಮೂರನೆಯ, ನಾಲ್ಕನೆಯ ಭಾಗಗಳಲ್ಲೂ ಹೀಗೆಯೇ. ಆದರೆ ಎರಡನೆಯ ಭಾಗವಾದ ಚುರುಕಿನ ಸ್ಕೆರ್ಟ್ಸೋವಿನಲ್ಲಿ, ಮುಕ್ತಾಯವೊಂದನ್ನು ಬಿಟ್ಟರೆ, ತಿದ್ದುವುದಕ್ಕೆ ಅವನಿಗೆ ಕಂಡುದು ಬಲು ಅಲ್ಪ. ಇದರಿಂದ ನಾವು ಎರಡು ವಿಷಯಗಳನ್ನು ಕಲಿಯಬಹುದು. ಮೊದಲನೆಯದು, ಮಟ್ಟನ್ನು ಹುಟ್ಟಿಸುವ ಶಕ್ತಿ ತರುಣನಲ್ಲಿ ಆಗಲೇ ಪೂರ್ಣವಾಗಿತ್ತು. ಎರಡನೆಯದು, ವಯಸ್ಸು ಕಲಿಸಿದುದು ಮುಖ್ಯವಾಗಿ ಅಳತೆಯನ್ನು: ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಬಿಡಬೇಕು, ಒಂದು ಭಾಗದಿಂದ ಇನ್ನೊಂದಕ್ಕೆ ಹೇಗೆ ಸಾಗಬೇಕು ಎಂಬುದನ್ನು.

ಇದೇ ಬ್ರಾಮ್ಸ್ ತನ್ನ ಮೊದಲ ಚತುಷ್ಟಯಗಳನ್ನು 1873ರಲ್ಲಿ ಪ್ರಕಟಿಸುವ ಮುನ್ನ, ಅಂಥವೇ ಸುಮಾರು ಇಪ್ಪತ್ತನ್ನು ಬರೆದು ನಾಶಮಾಡಿದುದಾಗಿ ಹೇಳಿಕೊಂಡಿದ್ದನು. ಅವುಗಳಲ್ಲಿ ಆ ಸ್ಕೆರ್ಟ್ಸೋವಿನಂಥ ಭಾಗಗಳು ಎಷ್ಟಿದ್ದವೋ!

ಮೈಸೂರಿನಿಂದ ಲಂಡನ್ನಿಗೆ

ಇನ್ನು ಕೊನೆಯ ಕಾಲದ ಕೃತಿಗಳ ಕಡೆಗೆ ತಿರುಗೋಣ. ಮನೋವಿಜ್ಞಾನಿ ಡೀನ್ ಸೈಮಂಟನ್ 1989ರಲ್ಲಿ 172 ರಚನಕಾರರ 1,919 ಕೃತಿಗಳನ್ನು ಪರಿಶೀಲಿಸಿದನು. ರಚನಕಾರನ ಮರಣಕ್ಕೆ ಹತ್ತಿರವಾದಂತೆ ಕೃತಿಗಳು ಚಿಕ್ಕವಾಗುತ್ತವೆ, ಮಟ್ಟುಗಳು ಸರಳವಾಗುತ್ತವೆ. ಆದರೂ ರಸಿಕರಲ್ಲಿ ಅವುಗಳ ಪ್ರಚಾರವೂ ವಿಮರ್ಶಕರಲ್ಲಿ ಅವುಗಳ ಗೌರವವೂ ಹೆಚ್ಚಾಗಿರುತ್ತವೆ ಎಂಬುದು ಅವನು ಕಂಡ ಫಲ.

ಈ ಮಾತಿಗೆ ಒಪ್ಪುವ ಕೃತಿಯೊಂದರ ಕಥೆಯಲ್ಲಿ ನಮ್ಮ ನಾಡಿನ ಹೆಸರೂ ಸೇರಿದೆ. ರಿಚರ್ಡ್ ಸ್ಟ್ರೌಸ್ 1948ರಲ್ಲಿ, ತನ್ನ 84ನೆಯ ವಯಸ್ಸಿನಲ್ಲಿ, ಕಂಠ ಮತ್ತು ವಾದ್ಯವೃಂದಕ್ಕಾಗಿ ನಾಲ್ಕು ಹಾಡುಗಳನ್ನು ರಚಿಸಿದನು. ಅವುಗಳನ್ನು ಕೇಳುವ ಮೊದಲೇ, 1949ರ ಸೆಪ್ಟೆಂಬರಿನಲ್ಲಿ, ತೀರಿಕೊಂಡನು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವು ಮೊದಲ ಬಾರಿಗೆ ಕೇಳಿಬಂದವು. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವನು ಫರ್ಟ್‌ವೆಂಗ್ಲರ್. ಆ ಕಚೇರಿಯ ಖರ್ಚಿಗೆ ಹೊಣೆನಿಂತವರು ಮೈಸೂರಿನ ಜಯಚಾಮರಾಜ ಒಡೆಯರು (1919–1974). ಅದರ ಧ್ವನಿಮುದ್ರಿಕೆ ಅವರಿಗಾಗಿ ಸಿದ್ಧವಾಯಿತು.

ಈ ನಾಲ್ಕರಲ್ಲಿ ಕೊನೆಯಲ್ಲಿ ಹಾಡುವ ಹಾಡು ಸಂಜೆಗೆಂಪನ್ನು ನೋಡುತ್ತ ನಿಂತ ವೃದ್ಧ ದಂಪತಿಗಳನ್ನು ಚಿತ್ರಿಸುತ್ತದೆ. ಸಾವಿನ ಪ್ರಶ್ನೆ ಎದ್ದಾಗ ವಾದ್ಯಗಳಲ್ಲಿ ಒಂದು ಹಳೆಯ ಮಟ್ಟು ಮೆಲ್ಲನೆ ಮೂಡುತ್ತದೆ. ಅದು ಸ್ಟ್ರೌಸನ 1889ರ ರಚನೆಯೊಂದರಿಂದ ಬಂದುದು; ಅವನಿಗೆ 25 ವರ್ಷವಿದ್ದಾಗ ಸಾವಿನ ಬಗೆಗೆ ಬರೆದ ವಾದ್ಯಕಾವ್ಯದ ಮಟ್ಟು ಅದು. ತರುಣನು ಕಲ್ಪಿಸಿದುದನ್ನು ಸುಮಾರು ಅರುವತ್ತು ವರ್ಷಗಳ ಮೇಲೆ ವೃದ್ಧನು ಸುಳ್ಳೆಂದು ತಳ್ಳದೆ, ತನ್ನ ಮಾತಾಗಿಯೇ ಬಳಸಿಕೊಂಡನು. ಮೊದಲಿನದನ್ನು ಅರಿಯದವನಿಗೆ ಕೊನೆಯದರ ಅರ್ಧ ಅರ್ಥ ತಪ್ಪಿಹೋಗುತ್ತದೆ.

ಅದೇ ಒಡೆಯರು ಲಂಡನ್ನಿನಲ್ಲಿ ಮರೆತುಹೋಗಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರನಿಗೆ (1880–1951) ಆಸರೆಯಾದರು. ಅವರ ನೆರವಿನಿಂದ ಮೆಟ್ನರ್, ತನ್ನ ಅರುವತ್ತರ ವಯಸ್ಸು ದಾಟಿ ಆರೋಗ್ಯ ಕೆಟ್ಟಿದ್ದರೂ, ತನ್ನ ಮೂರು ಕಂಚೆರ್ಟೋಗಳನ್ನೂ ಇತರ ರಚನೆಗಳನ್ನೂ ತಾನೇ ನುಡಿಸಿ ಧ್ವನಿಮುದ್ರಿಸಿದನು. ಮೊದಲನೆಯದು 1918ರಲ್ಲಿ ಮುಗಿದುದು, ಮೂರನೆಯದು 1943ರಲ್ಲಿ; ಮೂರನೆಯದು ಒಡೆಯರಿಗೆ ಅರ್ಪಿತವಾಗಿದೆ. ಎಳೆಯ ಕಾಲದ ರಚನೆಯನ್ನು ರಚನಕಾರನೇ ಮುಪ್ಪಿನ ಬೆರಳುಗಳಿಂದ ನುಡಿಸಿರುವ ಈ ಮುದ್ರಿಕೆಗಳು ಅಪೂರ್ವ ಸಾಮಗ್ರಿ.

ಗುರುವಿನ ತೊಂಬತ್ತು, ಶಿಷ್ಯನ ಇಪ್ಪತ್ತು

ಒಡೆಯರು ಸ್ವತಃ ವಾಗ್ಗೇಯಕಾರರು. ಬಾಲ್ಯದಿಂದ ಪಿಯಾನೋ ಕಲಿತು, ತರುವಾಯ ಕರ್ಣಾಟಕ ಸಂಗೀತಕ್ಕೆ ತಿರುಗಿ, "ಶ್ರೀವಿದ್ಯಾ" ಮುದ್ರೆಯಲ್ಲಿ 94 ಕೃತಿಗಳನ್ನು ಬೇರೆ ಬೇರೆ ರಾಗಗಳಲ್ಲಿ ರಚಿಸಿದರು. ಇಪ್ಪತ್ತರ ಹರೆಯದಲ್ಲಿ ಆರಂಭಿಸಿದರೂ ಅವರ ಕೃತಿಗಳಲ್ಲಿ ತೊದಲು ಕಾಣದಿರುವುದಕ್ಕೆ ಹಿಂದಿನ ದೀರ್ಘ ಅಭ್ಯಾಸವೇ ಕಾರಣವೆಂದು ತೋರುತ್ತದೆ. ಹತ್ತು ವರ್ಷದ ನಿಯಮ ಇಲ್ಲಿಯೂ ಸುಳ್ಳಾಗಲಿಲ್ಲ.

ಅವರ ಗುರುಗಳಲ್ಲೊಬ್ಬರಾದ ಮೈಸೂರು ವಾಸುದೇವಾಚಾರ್ಯರು (1865–1961) ಇನ್ನೊಂದು ತುದಿಯ ನಿದರ್ಶನ. ತಿರುವೈಯಾರಿನಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಕಲಿತು, ತೆಲುಗಿನಲ್ಲಿಯೂ ಸಂಸ್ಕೃತದಲ್ಲಿಯೂ ಕೃತಿಗಳನ್ನು ರಚಿಸಿ ಹೆಸರಾದರು. ತೊಂಬತ್ತರ ವಯಸ್ಸಿನ ಹೊತ್ತಿಗೆ ಅವರು ಅಂದಿನ ಮದರಾಸಿನ ಕಲಾಕ್ಷೇತ್ರದಲ್ಲಿ, ರುಕ್ಮಿಣೀದೇವಿಯವರ ರಾಮಾಯಣ ನೃತ್ಯನಾಟಕಗಳಿಗಾಗಿ ವಾಲ್ಮೀಕಿಯ ಶ್ಲೋಕಗಳಿಗೆ ರಾಗ ಸಂಯೋಜಿಸುತ್ತಿದ್ದರು. ಕೃತಿಯಲ್ಲಿ ಮಾತೂ ಮಟ್ಟೂ ತಮ್ಮವೇ; ಇಲ್ಲಿ ಮಾತು ಆದಿಕವಿಯದು, ಗತಿ ನರ್ತಕಿಯ ಹೆಜ್ಜೆಯದು, ಕ್ಷಣಕ್ಷಣಕ್ಕೂ ಬದಲಾಗುವ ಭಾವ ರಂಗದ್ದು. ತೊಂಬತ್ತನೆಯ ವಯಸ್ಸಿನಲ್ಲಿ ಅವರು ತಮಗೆ ಹೊಸದಾದ ಕ್ಷೇತ್ರವೊಂದನ್ನು ಹೊಕ್ಕರು. ಉಳಿದ ಕೆಲಸವನ್ನು ಅವರ ತರುವಾಯ ಮೊಮ್ಮಗ ಎಸ್. ರಾಜಾರಾಂ ಪೂರೈಸಿದರು. ಕೊನೆಯ ಕೃತಿಯೆಂದರೆ ಮುಗಿಸುವುದು ಮಾತ್ರವೆಂದೂ, ಮೊದಲಿನದೆಂದರೆ ಆರಂಭ ಮಾತ್ರವೆಂದೂ ತಿಳಿಯುವವರಿಗೆ ಇದು ಉತ್ತರ.

ಮುತ್ತುಸ್ವಾಮಿ ದೀಕ್ಷಿತರನ್ನು (1775–1835) ಇಲ್ಲಿ ನೆನೆಯಬಹುದು. ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ ಕೇಳಿದ ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಅವರು ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದ ನೊಟ್ಟುಸ್ವರಗಳು ಅವರ ಯೌವನದವೆಂದು ಎಣಿಕೆ. ದಂಡಿನ ಮೈದಾನಗಳಲ್ಲಿಯೂ ಒಮ್ಮೆ ಅಂಥದೇ ಬ್ಯಾಂಡುಗಳು ನುಡಿಯುತ್ತಿದ್ದವು. ಗಮಕವಿಲ್ಲದ ಆ ನೇರ ಸ್ವರಗಳನ್ನು ತಿರುವಾರೂರಿನ ಕಮಲಾಂಬಾ ನವಾವರಣ ಕೃತಿಗಳ ವಿಳಂಬ ಗಾಂಭೀರ್ಯದೊಡನೆ ತೂಗಿ ಅಪಕ್ವವೆನ್ನುವುದು ತಪ್ಪು. ಎರಡರ ಉದ್ದೇಶವೇ ಬೇರೆ.

ಕೇಳುವ ಬಗೆ

ಹಾಗಾದರೆ ವಿದ್ಯಾರ್ಥಿ ಏನು ಮಾಡಬೇಕು? ಒಬ್ಬ ರಚನಕಾರನ ಒಂದೇ ಪ್ರಕಾರದ ಎರಡು ಕೃತಿಗಳನ್ನು, ಒಂದು ಮೊದಲಿನದು, ಒಂದು ಕೊನೆಯದು, ಆರಿಸಿಕೊಂಡು ಹಲವು ಬಾರಿ ಕೇಳಲಿ. ಸಾಧ್ಯವಾದರೆ ಯಾವುದು ಯಾವಾಗಿನದೆಂಬುದನ್ನು ತಿಳಿಯದೆಯೇ ಕೇಳಲಿ. ಹೆಸರೂ ತಾರೀಖೂ ತಿಳಿದೊಡನೆ ಕಿವಿ ತಾನು ಕೇಳಬೇಕೆಂದಿರುವುದನ್ನೇ ಕೇಳುತ್ತದೆ. ಮಟ್ಟು ಎಷ್ಟು ತಾಜಾ ಆಗಿದೆ, ಬೆಳವಣಿಗೆ ಎಷ್ಟು ಬಿಗಿಯಾಗಿದೆ, ಏನನ್ನು ಬಿಟ್ಟಿದ್ದಾನೆ ಎಂಬ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಲಿ. ಮೂರಕ್ಕೂ ಉತ್ತರ ಒಂದೇ ಕಡೆಗೆ ಬೀಳುವುದು ವಿರಳ.

ಇದು ವಿರಾಮಕಾಲದ ವಿನೋದವೆಂದು ಭಾವಿಸಬಾರದು. ಬರೆದಿಟ್ಟ ಸಂಗೀತ ಒಂದು ಶತಮಾನ ಮೂಲೆಯಲ್ಲಿ ಬಿದ್ದಿದ್ದರೂ ಮತ್ತೆ ಎಚ್ಚರಗೊಳ್ಳಬಲ್ಲುದು. ಬಾಯಿಂದ ಬಾಯಿಗೆ ಬರುವ ಸಂಗೀತ ಹಾಗಲ್ಲ; ಒಂದು ತಲೆಮಾರು ಹಾಡದೆ ಬಿಟ್ಟರೆ ಅದು ಅಳಿದಂತೆಯೇ. ಸಭೆಯಲ್ಲಿ ಕುಳಿತವರು ಪ್ರಸಿದ್ಧವಾದ ಹತ್ತಿಪ್ಪತ್ತು ಕೃತಿಗಳನ್ನೇ ಬಯಸಿದರೆ, ಅದೇ ವಾಗ್ಗೇಯಕಾರನ ಇತರ ಕೃತಿಗಳನ್ನು ಗಾಯಕರು ಪಾಠ ಮಾಡುವುದನ್ನೇ ಬಿಡುತ್ತಾರೆ. ಯಾವುದು ಉಳಿಯಬೇಕೆಂಬುದನ್ನು ಕೇಳುಗರೂ ನಿರ್ಣಯಿಸುತ್ತಾರೆ. ಮುಂದಿನ ಕಚೇರಿಯಲ್ಲಿ ಗಾಯಕರು ಅಪರೂಪದ ಕೃತಿಯೊಂದನ್ನು ಎತ್ತಿಕೊಂಡಾಗ ಎದ್ದುಹೋಗದೆ ಕುಳಿತು ಕೇಳುವುದರಿಂದಲೇ ನಮ್ಮ ಪಾಲಿನ ಕೆಲಸ ಆರಂಭವಾಗುತ್ತದೆ.